ಝಣಝಣದಿಂದ ಜಿಂಗಲ್‌ವರೆಗೆ: ಒಂದು ಸದ್ದಿನ ಲೆಕ್ಕ



ಸಿಡ್ನಿಯಿಂದ ಬಂದವರಿದ್ದೀರಿ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದು ಕೂತವರಿದ್ದೀರಿ. ಸಾಹಿತಿಗಳೋ ಪ್ರಾಧ್ಯಾಪಕರೋ ನಿಲ್ಲಬೇಕಾದ ಜಾಗದಲ್ಲಿ ಟಾರ್ನೀಟ್‌ನ ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ನನ್ನು ನಿಲ್ಲಿಸಿದ್ದೀರಿ. ಸಂಘದ ಗೆಳೆಯರು ಹಾಕಿದ ಷರತ್ತು ಒಂದೇ: "ಟ್ಯಾಕ್ಸ್ ವಿಷಯ ಮಾತ್ರ ಬೇಡ ಸರ್." ಒಪ್ಪಿಕೊಂಡೆ. ಆದರೆ ಲೆಕ್ಕದವನ ಬುದ್ಧಿ ಬಿಟ್ಟು ಎಲ್ಲಿಗೆ ಹೋಗಲಿ? ಅದಕ್ಕೇ ಇವತ್ತು ಒಂದು ಪದದ ಲೆಕ್ಕ ಒಪ್ಪಿಸುತ್ತೇನೆ. ಆ ಪದ 'ಜಿಂಗಲ್'.

ಜಾಹೀರಾತಿನ ಜಿಂಗಲ್ ಎಲ್ಲರಿಗೂ ಗೊತ್ತು. ಬೇಡವೆಂದರೂ ಬಾಯಿಗೆ ಬರುವ ಪುಟ್ಟ ಹಾಡು. ಇಂಗ್ಲಿಷಿನಲ್ಲಿ ಅದೇ ಪದಕ್ಕೆ ಇನ್ನೂ ಹಳೆಯ ಅರ್ಥಗಳಿವೆ: ಗೆಜ್ಜೆಯ ಸದ್ದು, ಬೀಗದ ಕೈ ಗೊಂಚಲಿನ ಸದ್ದು, ಜೇಬಿನ ಚಿಲ್ಲರೆಯ ಸದ್ದು. ಸದ್ದಿನಿಂದ ಪ್ರಾಸಕ್ಕೆ, ಪ್ರಾಸದಿಂದ ವ್ಯಾಪಾರಕ್ಕೆ ಆ ಪದ ನಡೆದು ಬಂದಿದೆ. ನನಗೆ ಕಾಣುವುದು ಇಷ್ಟು. ಒಂದು ಕಾಲಕ್ಕೆ ಸದ್ದು ಸಾಕ್ಷಿಯಾಗಿತ್ತು, ಬರುಬರುತ್ತಾ ಅದು ಗಿರಾಕಿಯನ್ನು ಸೆಳೆಯುವ ಗಾಳವೂ ಆಯಿತು. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿತು. ಕನ್ನಡ ಸಾಕ್ಷಿಯ ಪದಗಳನ್ನು ಮನೆಯಲ್ಲೇ ಬೆಳೆಸಿತು, ಗಾಳದ ಪದವನ್ನು ಮಾತ್ರ ಕಡ ತಂದಿತು. ಈಗ ಇಲ್ಲಿ, ನಮ್ಮ ಮನೆಗಳಲ್ಲಿ, ಕಡ ತಂದದ್ದು ಉಳಿದು ಸ್ವಂತದ್ದು ಹೋಗುತ್ತಿದೆ. ಈ ನಷ್ಟ ಯಾವ ಖಾತೆಯಲ್ಲೂ ಕಾಣುವುದಿಲ್ಲ.

ಲಗಾಮಿನಿಂದ ರೇಡಿಯೋಗೆ

ಇಂಗ್ಲಿಷಿನಲ್ಲಿ ಈ ಪದಕ್ಕೆ ಆರುನೂರು ವರ್ಷಕ್ಕೂ ಹೆಚ್ಚು ವಯಸ್ಸು. 14ನೇ ಶತಮಾನದ ಕೊನೆಗೆ ಚಾಸರ್ ಬರೆದ 'ಕ್ಯಾಂಟರ್ಬರಿ ಟೇಲ್ಸ್'ನಲ್ಲಿ ಒಬ್ಬ ಸುಖಪುರುಷ ಸನ್ಯಾಸಿ ಕುದುರೆ ಏರಿ ಬರುತ್ತಾನೆ. ಅವನ ಕುದುರೆಯ ಲಗಾಮಿನ ಗೆಜ್ಜೆ ಗಾಳಿಗೆ ಸದ್ದು ಮಾಡುವುದನ್ನು ಹೇಳಲು ಚಾಸರ್ ಬಳಸಿದ್ದು ಇದೇ ಪದದ ಹಳೆಯ ರೂಪ. ಆ ಸದ್ದೇ ಸಾಕ್ಷಿ. ಮಠದಲ್ಲಿ ಕೂತು ಪ್ರಾರ್ಥನೆ ಮಾಡಬೇಕಾದವನು ಗೆಜ್ಜೆ ಕಟ್ಟಿದ ಕುದುರೆ ಮೇಲೆ ತಿರುಗುತ್ತಿದ್ದಾನೆ ಎಂದು ಕೇಳಿದವರಿಗೆಲ್ಲ ತಿಳಿಯುತ್ತದೆ.

ಅಲ್ಲಿಂದ ಪದ ಕಾವ್ಯದ ಕಡೆ ತಿರುಗಿತು. 'ಪ್ಯಾರಡೈಸ್ ಲಾಸ್ಟ್'ನಲ್ಲಿ ಪ್ರಾಸ ಯಾಕಿಲ್ಲ ಎಂದು ವಿವರಿಸಿ 1668ರಲ್ಲಿ ಸೇರಿಸಿದ ಟಿಪ್ಪಣಿಯಲ್ಲಿ ಮಿಲ್ಟನ್ ಸಾಲಿನ ಕೊನೆಯ ಪ್ರಾಸವನ್ನು ಇದೇ ಪದ ಹಿಡಿದು ಹೀಗಳೆದಿದ್ದಾನೆ. ಅರ್ಥವಿಲ್ಲದೆ ಕಿವಿಗೆ ಮಾತ್ರ ಹಿತವಾದದ್ದು ಎಂಬ ತಾತ್ಸಾರ ಆಗಲೇ ಅದಕ್ಕೆ ಅಂಟಿಕೊಂಡಿತು.

ಡಿಸೆಂಬರ್ ಬಂದರೆ ನಮ್ಮ ಮಕ್ಕಳೆಲ್ಲ ಹಾಡುವ 'ಜಿಂಗಲ್ ಬೆಲ್ಸ್' ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ ಬರೆದದ್ದು. 1857ರಲ್ಲಿ ಅಚ್ಚಾದಾಗ ಅದಕ್ಕೆ ಒಂಟಿ ಕುದುರೆಯ ಹಿಮಗಾಡಿಯ ಹೆಸರಿತ್ತು. ಹಿಮದ ಮೇಲೆ ಗೊರಸಿನ ಸದ್ದೂ ಕೇಳುವುದಿಲ್ಲ, ಗಾಡಿಯ ಸದ್ದೂ ಕೇಳುವುದಿಲ್ಲ. ಎದುರಿಗೆ ಬರುವವರಿಗೆ ಗೊತ್ತಾಗಲಿ ಎಂದು ಕುದುರೆಗೆ ಗೆಜ್ಜೆ ಕಟ್ಟುತ್ತಿದ್ದರು. ಅಂದರೆ ಆ ಹಾಡಿನ ಗೆಜ್ಜೆ ಅಸಲಿಗೆ ಒಂದು ಹಾರನ್. ಟಾರ್ನೀಟ್‌ನಲ್ಲಿ 40 ಡಿಗ್ರಿ ಬಿಸಿಲಲ್ಲಿ ಅದನ್ನು ಹಾಡುವ ಮಗುವಿಗೆ ಹಿಮವೂ ಗೊತ್ತಿಲ್ಲ, ಹಾರನ್ನಿನ ವಿಷಯವೂ ಗೊತ್ತಿಲ್ಲ. ರಾಗ ಮಾತ್ರ ಗೊತ್ತು.

ಕೊನೆಯ ತಿರುವು ರೇಡಿಯೋದ್ದು. 1926ರ ಡಿಸೆಂಬರ್ 24ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಾಲ್ವರು ಗಾಯಕರು ವೀಟೀಸ್ ಎಂಬ ಬೆಳಗಿನ ತಿಂಡಿಯ ಮೇಲೆ ಒಂದು ಹಾಡು ಹಾಡಿದರು. ರೇಡಿಯೋ ಜಾಹೀರಾತಿನ ಹಾಡುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ಮುಂದಿನ ದಶಕದಲ್ಲಿ ಅಂಥ ಹಾಡಿಗೆ 'ಜಿಂಗಲ್' ಎಂಬ ಹೆಸರು ನಿಂತಿತು.

ಏನು ಸದ್ದು ಮಾಡಿತು, ಅದನ್ನು ಹೇಳು

ಈಗ ಕನ್ನಡಕ್ಕೆ ಬನ್ನಿ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಒಬ್ಬಳು ಹುಡುಗಿ ಕೇಳಿದಳು: "ಅಂಕಲ್, ಜಿಂಗಲ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ?" ನಾನು ಅಂದೆ: "ಏನು ಸದ್ದು ಮಾಡ್ತು ಅಂತ ಮೊದಲು ಹೇಳು, ಆಮೇಲೆ ಹೇಳ್ತೀನಿ."

ತಮಾಷೆಗೆ ಅಂದದ್ದಲ್ಲ. ಕನ್ನಡದಲ್ಲಿ ಬೇರೆ ದಾರಿಯಿಲ್ಲ. ಗೆಜ್ಜೆಯಾದರೆ ಘಲ್ ಘಲ್. ಬಳೆಯಾದರೆ ಕಿಣಿಕಿಣಿ. ನಾಣ್ಯವಾದರೆ ಝಣಝಣ. ಕಂಚಿನ ತಟ್ಟೆ ಕೈಜಾರಿದರೆ ಠಣ್. ದೇವಸ್ಥಾನದ ದೊಡ್ಡ ಗಂಟೆಯಾದರೆ ಢಣ್ ಢಣ್. ನಮ್ಮೂರಿನ ಶಾಲೆಯಲ್ಲಿ ಗಂಟೆಯ ಬದಲು ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದರು, ಅದರ ಢಣಢಣವೇ ಬೇರೆ. ಹಳೆಯ ಫೋನು ಟ್ರಿಣ್ ಟ್ರಿಣ್. ಇಂಗ್ಲಿಷಿನಲ್ಲೂ ಇಂಥ ಪದಗಳು ಹಲವಿವೆ, ಇಲ್ಲವೆಂದಲ್ಲ. ಆದರೆ ಕನ್ನಡ ಮಾತಾಡುವವರು ಸದ್ದು ಮಾಡಿದ್ದು ಯಾವುದು ಎಂಬುದನ್ನು ಪದದಲ್ಲೇ ಕಟ್ಟಿಬಿಡುತ್ತಾರೆ.

ಇನ್ನೊಂದು ಸಂಗತಿ ನೋಡಿ. ಬರವಣಿಗೆಯಲ್ಲಿ 'ಝಣಝಣಿಸು' ಎಂಬ ಕ್ರಿಯಾಪದ ಇದೆ. ಮನೆಮಾತಿನಲ್ಲಿ ನಾವು ಹಾಗೆ ಹೇಳುವುದಿಲ್ಲ. "ಗೆಜ್ಜೆ ಘಲ್ ಅಂತು", "ತಟ್ಟೆ ಠಣ್ ಅಂತು" ಎನ್ನುತ್ತೇವೆ. 'ಅಂತು' ಎಂದರೆ ಹೇಳಿತು. ಕನ್ನಡದಲ್ಲಿ ಗೆಜ್ಜೆಯೂ ತಟ್ಟೆಯೂ ಮಾತಾಡುತ್ತವೆ. ಯಾರಾದರೂ ಮಾತಾಡಿದರೆ ನಾವು ಏನು ಕೇಳುತ್ತೇವೆ? ಯಾರು ಹೇಳಿದ್ದು, ಏನು ಹೇಳಿದ್ದು. ಸದ್ದಿಗೂ ಅದೇ ಪ್ರಶ್ನೆ.

ವ್ಯಾಕರಣದವರು ಈ ಪದಗಳನ್ನು ಕಡೆಗಣಿಸಲಿಲ್ಲ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದ ಅವ್ಯಯ ಪ್ರಕರಣದಲ್ಲಿ ಇವಕ್ಕೆ ಜಾಗ ಕೊಟ್ಟ. ನಾವೆಲ್ಲ ಶಾಲೆಯಲ್ಲಿ ಚಟಚಟ, ಧಗಧಗ, ಸುಯ್ಯನೆ, ಭೋರನೆ ಎಂದು ಬಾಯಿಪಾಠ ಮಾಡಿದ ಅನುಕರಣಾವ್ಯಯಗಳು ಇವೇ. ಅಮೆರಿಕದ ಭಾಷಾವಿಜ್ಞಾನಿ ಎಂ. ಬಿ. ಎಮಿನೋ 1969ರಲ್ಲಿ ಇದರ ಮೇಲೆ ಒಂದು ದೊಡ್ಡ ಲೇಖನವನ್ನೇ ಬರೆದರು. ದ್ರಾವಿಡ ಭಾಷೆಗಳಿಗೂ ಉತ್ತರ ಭಾರತದ ಭಾಷೆಗಳಿಗೂ ಮೂಲ ಬೇರೆಯಾದರೂ ಇಂಥ ಪದಗಳು ಎರಡೂ ಕಡೆ ಹರಡಿವೆ, ಅಕ್ಕಪಕ್ಕದ ಜನ ಒಬ್ಬರಿಂದೊಬ್ಬರು ಕೇಳಿ ಕಲಿತಿದ್ದಾರೆ ಎಂಬುದು ಅದರ ತಿರುಳು. ಕೇಳಿ ಕಲಿಯುವುದು ಎಂಬುದನ್ನು ನೆನಪಿನಲ್ಲಿಡಿ. ಈ ಪದಗಳು ಬರುವ ದಾರಿ ಅದೇ.

ಲೆಕ್ಕ ಕೇಳುವುದು

ನನ್ನ ಕಸುಬಿನ ಹೆಸರಿನಲ್ಲೇ ಕಿವಿ ಇದೆ. 'ಆಡಿಟ್' ಎಂಬುದು 'ಕೇಳು' ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಓದು ಬಲ್ಲವರು ಕಡಿಮೆ ಇದ್ದ ಕಾಲದಲ್ಲಿ ಜಮೀನ್ದಾರನ ಮುಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಒಪ್ಪಿಸುತ್ತಿದ್ದರು, ಕೂತು ಕೇಳುವವನೇ ಆಡಿಟರ್. ಕನ್ನಡದಲ್ಲಿ ಇದು ಇನ್ನೂ ಚೆನ್ನಾಗಿದೆ. ನಾವು 'ಲೆಕ್ಕ ಕೇಳು' ಎನ್ನುತ್ತೇವೆ. ಕಿವಿಗೊಡುವುದಕ್ಕೂ 'ಕೇಳು', ಪ್ರಶ್ನೆ ಮಾಡುವುದಕ್ಕೂ 'ಕೇಳು'. ಚೆನ್ನಾಗಿ ಕೇಳಿಸಿಕೊಂಡವನಿಗೆ ಮಾತ್ರ ಚೆನ್ನಾಗಿ ಕೇಳಲು ಬರುತ್ತದೆ.

ನಾನು ತಿಪಟೂರು ಸೀಮೆಯವನು. ನಮ್ಮ ಕಡೆ ಉಂಡೆ ಕೊಬ್ಬರಿಗೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ಒಡೆಯದೆ ಒಳಗಿನದು ತಿಳಿಯುವುದು ಹೇಗೆ? ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಳುಗುಳು ಅಂದರೆ ನೀರು ಇನ್ನೂ ಇದೆ, ಇರಲಿ ಬಿಡು. ಗಡಗಡ ಅಂದರೆ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಇಳಿಸು. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಠಣ್ ಅಂದರೆ ಚೆನ್ನಾಗಿ ಬೆಂದದ್ದು, ಬದಬದ ಅಂದರೆ ಎಲ್ಲೋ ಬಿರುಕಿದೆ. ಇದು ಕಿವಿಯ ಆಡಿಟ್. ಪದ ತಿಳಿಯದವನಿಗೆ ಪರೀಕ್ಷೆಯೂ ತಿಳಿಯದು.

ಹಣಕ್ಕೂ ಇದೇ ಪರೀಕ್ಷೆಯಿತ್ತು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಸಾಹುಕಾರರು ಅದನ್ನು ಕಲ್ಲಿನ ಮೇಲೆ ಬಡಿದು ಸದ್ದು ಕೇಳಿಯೇ ಪೆಟ್ಟಿಗೆಗೆ ಹಾಕುತ್ತಿದ್ದರು. ಎರಡನೇ ಮಹಾಯುದ್ಧದ ಒತ್ತಡದಲ್ಲಿ 1940ರಲ್ಲಿ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು, 1947ರಲ್ಲಿ ನಿಕ್ಕಲ್ ರೂಪಾಯಿ ಬಂತು. ರೂಪಾಯಿ ರೂಪಾಯಿಯಾಗಿಯೇ ಉಳಿಯಿತು, ಅದರ ದನಿ ಬದಲಾಯಿತು. ಈಗ ಇಲ್ಲಿ ಕಾರ್ಡು ತಾಗಿಸಿದರೆ ಒಂದು ಬೀಪ್. ಐದು ಡಾಲರಿಗೂ ಅದೇ ಬೀಪ್, ಐನೂರಕ್ಕೂ ಅದೇ. ತಿಂಗಳ ಕೊನೆಗೆ ಬಿಲ್ಲು ನೋಡಿ ಬೆಚ್ಚುವವರು ಇದನ್ನು ಒಪ್ಪುತ್ತೀರಿ.

ಹಣದ ಝಣಝಣವನ್ನು ಕನ್ನಡ ಎಂದೂ ಬರೀ ಹಿತವಾದ ಸದ್ದಾಗಿ ಕೇಳಲಿಲ್ಲ. ಚುನಾವಣೆ ಬಂದರೆ ಪತ್ರಿಕೆಗಳು ಇವತ್ತಿಗೂ ಕಾಂಚಾಣದ ಝಣಝಣ ಎಂದು ಬರೆಯುತ್ತವೆ. ಅದರ ಹಿಂದೆ ಬೇಂದ್ರೆಯವರ 'ಕುರುಡು ಕಾಂಚಾಣ' ಇದೆ. ಆ ಕವಿತೆಯಲ್ಲಿ ಕುಣಿಯುವ ಹಣದ ಕಾಲಿಗೆ ಗೆಜ್ಜೆಯಿದೆ, ಆ ಗೆಜ್ಜೆ ಯಾವುದರಿಂದ ಆದದ್ದು ಎಂದು ನೋಡಿದರೆ ಬಾಣಂತಿಯ ಎಲುಬು. ಸದ್ದು ಕೇಳಿದ ಕೂಡಲೇ ಇದರ ಬೆಲೆ ಯಾರು ತೆತ್ತರು ಎಂದು ಕೇಳುವುದು, ಇದಕ್ಕಿಂತ ಕಟ್ಟುನಿಟ್ಟಾದ ಆಡಿಟ್ ನನಗೆ ಗೊತ್ತಿಲ್ಲ.

ಸುದ್ದಿಗೂ ಸದ್ದೇ ಸಾಕ್ಷಿ. ಮೈಸೂರು ಸಂಸ್ಥಾನದ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಶುರುವಾಗಿ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿತು. ಆ ಕಾಲದ ಭಾರತದಲ್ಲಿ ಟಪಾಲು ಹೊತ್ತು ಓಡುತ್ತಿದ್ದವರ ಕೋಲಿಗೆ ಗೆಜ್ಜೆ ಕಟ್ಟಿರುತ್ತಿತ್ತು. ಕಾಡಿನ ದಾರಿಯಲ್ಲಿ ಪ್ರಾಣಿಗಳು ಸರಿಯಲಿ, ಊರಿನಲ್ಲಿ ಕಾಗದ ಬಂತೆಂದು ಜನಕ್ಕೆ ತಿಳಿಯಲಿ ಎಂದು. ಇವತ್ತು ಟ್ರುಗನೀನಾದ ಗೋದಾಮಿನಲ್ಲಿ ಹಿಂದಕ್ಕೆ ಬರುವ ಫೋರ್ಕ್‌ಲಿಫ್ಟ್ ಬೀಪ್ ಅನ್ನುವುದೂ ಅದೇ ಜಾತಿಯ ಸದ್ದು. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಕಳೆಯುವ ನಮ್ಮ ನರ್ಸ್ ಅಕ್ಕತಂಗಿಯರು ಮಾನಿಟರಿನ ಸದ್ದು ಕೇಳಿಯೇ ಯಾವ ಹಾಸಿಗೆಗೆ ಓಡಬೇಕೆಂದು ತಿಳಿಯುತ್ತಾರೆ. ಸಾಕ್ಷಿಯ ಸದ್ದು ಸತ್ತಿಲ್ಲ, ಬಟ್ಟೆ ಬದಲಿಸಿದೆ.

ಹಾಗಾದರೆ ನಮ್ಮಲ್ಲಿ ಸೆಳೆಯುವ ಸದ್ದೇ ಇರಲಿಲ್ಲವೇ? ಧಾರಾಳವಾಗಿತ್ತು. ಬಾಂಬೆ ಮಿಠಾಯಿಯವನ ಗಂಟೆ ಇತ್ತು. ಬುಡಬುಡಿಕೆಯವನಿಗೆ ಹೆಸರು ಬಂದದ್ದೇ ಅವನ ಕೈಯ ಪುಟ್ಟ ವಾದ್ಯದ ಸದ್ದಿನಿಂದ. ಉತ್ತರ ಕರ್ನಾಟಕದ ಗೀಗೀ ಪದಕ್ಕೆ ಹೆಸರು ಕೊಟ್ಟದ್ದು ಹಿಮ್ಮೇಳದವರು ಮತ್ತೆ ಮತ್ತೆ ಎಳೆದು ಹಾಡುವ 'ಗೀ' ಎಂಬ ಸದ್ದು. ಕೇಳಿದವರ ಬಾಯಿಗೆ ಹತ್ತುವ ಪಲ್ಲವಿ ಅದು, ಸ್ವಾತಂತ್ರ್ಯ ಚಳವಳಿಯ ಮಾತನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ಆದರೆ ಅಲ್ಲೆಲ್ಲ ಸದ್ದೂ ಸದ್ದು ಮಾಡಿದವನೂ ಒಂದೇ ಕಡೆ ಇದ್ದರು. ಮಿಠಾಯಿ ಹಳಸಿದ್ದರೆ ಗಂಟೆ ಬಾರಿಸಿದವನನ್ನು ಅಲ್ಲೇ ನಿಲ್ಲಿಸಿ ಕೇಳಬಹುದಿತ್ತು. ಸದ್ದನ್ನು ಸದ್ದು ಮಾಡಿದವನಿಂದ ಬೇರೆ ಮಾಡಿ ಮನೆಯೊಳಗೆ ತಂದದ್ದು ರೇಡಿಯೋ.

ಆಕಾಶವಾಣಿಗೆ ಜಿಂಗಲ್ ಬಂದದ್ದು

ಭಾರತದ ರೇಡಿಯೋಗೆ 'ಆಕಾಶವಾಣಿ' ಎಂಬ ಹೆಸರು ಸಿಕ್ಕಿದ್ದು ಕನ್ನಡ ನಾಡಿನಿಂದ. ಮೈಸೂರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರ ನಡೆಸತೊಡಗಿದರು. ಆಮೇಲೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು, ಕೊನೆಗೆ ಅದು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. ಗಳಿಕೆಗಾಗಿ ಹುಟ್ಟಿದ ಕೇಂದ್ರ ಅಲ್ಲ ಅದು. ಒಬ್ಬ ಮೇಷ್ಟ್ರ ಹುಚ್ಚು.

ಬೆಳಗಾದರೆ ರೇಡಿಯೋ ತೆರೆದುಕೊಳ್ಳುತ್ತಿದ್ದ ಆ ರಾಗ ನಿಮಗೆಲ್ಲ ನೆನಪಿದೆ. ಅದನ್ನು ಕಟ್ಟಿದವರು ವಾಲ್ಟರ್ ಕಾಫ್ಮನ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 1934ರಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದ ಯೆಹೂದಿ ಸಂಗೀತಗಾರ, ಮುಂಬಯಿ ರೇಡಿಯೋದಲ್ಲಿ ಸುಮಾರು ಹತ್ತು ವರ್ಷ ದುಡಿದು ಮುಂದೆ ಅಮೆರಿಕದಲ್ಲಿ ನೆಲೆಸಿದರು. ನಾವು ಊರಿನ ಬೆಳಗು ಎಂದು ನೆನೆಯುವ ರಾಗವನ್ನು ಕಟ್ಟಿದವನೂ ಊರು ಬಿಟ್ಟವನೇ. ಆ ರಾಗ ಏನನ್ನೂ ಮಾರುತ್ತಿರಲಿಲ್ಲ. ಕೇಂದ್ರ ತೆರೆದಿದೆ ಎಂದಷ್ಟೇ ಹೇಳುತ್ತಿತ್ತು. ಅದು ಸಾಕ್ಷಿಯ ಸದ್ದು.

1952ರಲ್ಲಿ ಪ್ರಸಾರ ಖಾತೆ ಸಚಿವರಾದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಡಿಮೆಯಾದ ಕೂಡಲೇ ಕೇಳುಗರು ರೇಡಿಯೋ ಸಿಲೋನಿಗೆ ತಿರುಗಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು, ಒಂದು ಟೂತ್‌ಪೇಸ್ಟಿನ ಹೆಸರು ದೇಶದ ಮನೆಮಾತಾಯಿತು. ಹಾಡು ಬೇಕಾದವರು ಜಾಹೀರಾತನ್ನೂ ಕೇಳಿದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಹುಟ್ಟಿದ್ದು ಕೈಬಿಟ್ಟು ಹೋದ ಆ ಕೇಳುಗರನ್ನು ಮರಳಿ ತರಲು.

ವಿವಿಧ ಭಾರತಿಗೆ ಜಾಹೀರಾತು ಬರಲಿ ಎಂದು 1966ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಯಾರು ಗೊತ್ತೇ? ಅಶೋಕ್ ಕುಮಾರ್ ಚಂದಾ. ಅದಕ್ಕೆ ಮುಂಚೆ ಅವರು ಭಾರತದ ಮಹಾಲೇಖಪಾಲರು, ದೇಶದ ಅತಿ ದೊಡ್ಡ ಆಡಿಟರ್. ಜಿಂಗಲ್‌ಗೆ ಆಕಾಶವಾಣಿಯ ಬಾಗಿಲು ತೆರೆಯುವಲ್ಲಿ ನಮ್ಮ ಕಸುಬಿನವರದೇ ಕೈ ಇತ್ತು. ತಪ್ಪೆಂದು ನಾನು ಹೇಳಲಾರೆ. ರೇಡಿಯೋ ನಡೆಸಲು ದುಡ್ಡು ಬೇಕು, ದುಡ್ಡು ಎಲ್ಲಿಂದಲೋ ಬರಬೇಕು. 1967ರ ನವೆಂಬರ್ 1ರಂದು ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಲ್ಲಿ ಜಾಹೀರಾತು ಸೇವೆ ಶುರುವಾಗಿ ಕ್ರಮೇಣ ಬೇರೆ ಊರುಗಳಿಗೂ ಬಂತು.

ಆಮೇಲಿನ ಕಥೆ ನಮ್ಮ ಬಾಲ್ಯ. ನಿರ್ಮಾ ಪುಡಿಯ ಹಾಡು ಹಾಡದ ಮಗು ಇರಲಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಧಾಟಿಗೆ ಕನ್ನಡದ ಮಾತು ಅಳತೆ ಮಾಡಿ ಕೂರಿಸುತ್ತಿದ್ದರು, ಒತ್ತಕ್ಷರ ಎಲ್ಲೋ, ತಾಳ ಎಲ್ಲೋ. ಹೊಸೂರಿನಲ್ಲಿ ಗಡಿಯಾರ ಮಾಡುವ ಟೈಟನ್ನಿನವರು ಮೊಜಾರ್ಟ್ 1773ರಲ್ಲಿ ರಚಿಸಿದ 25ನೇ ಸಿಂಫನಿಯ ತುಣುಕನ್ನೇ ತಮ್ಮದು ಮಾಡಿಕೊಂಡರು. ಮೊಜಾರ್ಟ್ ಹೆಸರು ಕೇಳದ ಹಳ್ಳಿಯ ಮನೆಯಲ್ಲೂ ಅದು "ಟೈಟನ್ ವಾಚಿನ ಮ್ಯೂಸಿಕ್". ಈ ಹೊಸ ಸರಕಿಗೆ ಹೊಸ ಹೆಸರು ಬೇಕಾಯಿತು. ಕನ್ನಡಿಗರು ಝಣಝಣವನ್ನಾಗಲಿ ಘಲ್ ಘಲ್ ಅನ್ನಾಗಲಿ ಅದಕ್ಕೆ ಕೊಡಲಿಲ್ಲ. ಅದನ್ನು ಜಿಂಗಲ್ ಎಂದೇ ಕರೆದರು. ಯಾವ ಸಮಿತಿಯೂ ತೀರ್ಮಾನ ಮಾಡಿದ್ದಲ್ಲ. ಕಿವಿಗೆ ವ್ಯತ್ಯಾಸ ಗೊತ್ತಿತ್ತು.

ಜೆಲ್ಲಿ, ವೆಜಿಮೈಟ್, ಕೂಕಬುರ್ರಾ

ನಾವು ಬಂದು ಸೇರಿದ ಈ ದೇಶಕ್ಕೂ ತನ್ನದೇ ಜಿಂಗಲ್ ಚರಿತ್ರೆ ಇದೆ. ಸಿಡ್ನಿಯವರಿಗೆ ಏರೋಪ್ಲೇನ್ ಜೆಲ್ಲಿ. ಟ್ರಾಮ್ ಕಂಡಕ್ಟರ್ ಆಗಿದ್ದ ಬರ್ಟ್ ಆಪಲ್‌ರಾತ್ ಶುರು ಮಾಡಿದ ವ್ಯಾಪಾರ ಅದು. ಪಾಲುದಾರ ಆಲ್ಬರ್ಟ್ ಲೆನರ್ಟ್ಜ್ ಅದಕ್ಕೆ ಹಾಡು ಕಟ್ಟಿದ, 1930ರ ದಶಕದಲ್ಲಿ ಜಾಯ್ ಕಿಂಗ್ ಎಂಬ ಪುಟ್ಟ ಹುಡುಗಿ ಹಾಡಿದಳು. ಇವತ್ತು ಆ ಧ್ವನಿಮುದ್ರಣ ಆಸ್ಟ್ರೇಲಿಯಾದ ರಾಷ್ಟ್ರೀಯ ಧ್ವನಿ ಸಂಗ್ರಹದ ಗೌರವ ಪಟ್ಟಿಯಲ್ಲಿದೆ. ಮೆಲ್ಬರ್ನಿನವರಿಗೆ ವೆಜಿಮೈಟ್. 1923ರಲ್ಲಿ ಮಾರುಕಟ್ಟೆಗೆ ಬಂತು, 1954ರಲ್ಲಿ ಅದರ ಹಾಡು ರೇಡಿಯೋದಲ್ಲಿ ಬಂತು, ಎರಡು ವರ್ಷದ ಮೇಲೆ ಈ ದೇಶಕ್ಕೆ ಟೀವಿ ಬಂದಾಗ ಟೀವಿಗೂ ಹತ್ತಿತು. ಆ ಹಾಡಿನ ಮಾತು ಈಗ ಇಲ್ಲಿನ ನುಡಿಗಟ್ಟೇ ಆಗಿದೆ.

ಇನ್ನೊಂದು ಕಥೆಗೆ ಕೋರ್ಟಿನ ದಾಖಲೆಯಿದೆ. ಮೆಲ್ಬರ್ನಿನ ಶಿಕ್ಷಕಿ ಮೇರಿಯನ್ ಸಿಂಕ್ಲೇರ್ 1930ರ ದಶಕದಲ್ಲಿ ಕೂಕಬುರ್ರಾ ಹಕ್ಕಿಯ ಮೇಲೆ ಮಕ್ಕಳ ಹಾಡೊಂದು ಬರೆದರು. ಶಾಲೆ ಶಾಲೆಯಲ್ಲಿ ಮಕ್ಕಳು ಹಾಡಿ ಅದು ಎಲ್ಲರ ಸ್ವತ್ತಿನಂತಾಯಿತು. 1988ರಲ್ಲಿ ಅವರು ತೀರಿಕೊಂಡ ಮೇಲೆ ಲಾರಿಕಿನ್ ಎಂಬ ಸಂಗೀತ ಪ್ರಕಾಶನ ಸಂಸ್ಥೆ ಅದರ ಹಕ್ಕನ್ನು 6,100 ಡಾಲರಿಗೆ ಕೊಂಡಿತು. 'ಮೆನ್ ಅಟ್ ವರ್ಕ್' ತಂಡದ 'ಡೌನ್ ಅಂಡರ್' ಹಾಡಿನ ಕೊಳಲಿನಲ್ಲಿ ಆ ರಾಗದ ತುಣುಕಿದೆ ಎಂದು 2007ರಲ್ಲಿ ಟೀವಿಯ ರಸಪ್ರಶ್ನೆ ಕಾರ್ಯಕ್ರಮವೊಂದರಲ್ಲಿ ಬೆಳಕಿಗೆ ಬಂತು. ಹಕ್ಕು ಕೊಂಡವರು ಕೋರ್ಟಿಗೆ ಹೋದರು. 2010ರಲ್ಲಿ ಫೆಡರಲ್ ಕೋರ್ಟು ಅವರ ಪರ ತೀರ್ಪು ಕೊಟ್ಟು, 2002ರಿಂದೀಚಿನ ರಾಯಧನದಲ್ಲಿ ನೂರಕ್ಕೆ 5ರ ಪಾಲು ಕೊಡಿಸಿತು. ಮಕ್ಕಳ ಬಾಯಲ್ಲಿದ್ದಷ್ಟು ಕಾಲ ಯಾರೂ ಅದರ ಲೆಕ್ಕ ಕೇಳಿರಲಿಲ್ಲ.

ಈಗ ಸದ್ದಿಗೇ ಒಡೆತನವಿದೆ. ಆಸ್ಟ್ರೇಲಿಯಾದ 1995ರ ಟ್ರೇಡ್‌ಮಾರ್ಕ್ ಕಾಯ್ದೆ ಸದ್ದನ್ನೂ ಗುರುತಾಗಿ ಒಪ್ಪುತ್ತದೆ. ಭಾರತದಲ್ಲಿ 2008ರಲ್ಲಿ ಯಾಹೂ ಕಂಪನಿಯ ಕೂಗಿಗೆ ಮೊದಲ ನೋಂದಣಿ ಸಿಕ್ಕಿತು. 2017ರ ನಿಯಮದ ಪ್ರಕಾರ 30 ಸೆಕೆಂಡು ಮೀರದ ಧ್ವನಿಮುದ್ರಣ ಕೊಟ್ಟು ಸದ್ದನ್ನು ನೋಂದಾಯಿಸಬಹುದು.

ಯಾವ ಪುಸ್ತಕದಲ್ಲಿ ಬರೆಯುವುದು?

ಇಲ್ಲಿ ನನ್ನ ಕಸುಬಿನ ಒಂದು ನಿಯಮ ಹೇಳಲೇಬೇಕು. ಟ್ಯಾಕ್ಸ್ ಅಲ್ಲ, ಹೆದರಬೇಡಿ. ಕಂಪನಿಯೊಂದು ತಾನೇ ಬೆಳೆಸಿದ ಬ್ರ್ಯಾಂಡನ್ನು ಆಸ್ತಿಯೆಂದು ಪುಸ್ತಕದಲ್ಲಿ ತೋರಿಸುವಂತಿಲ್ಲ. ಭಾರತದ ಲೆಕ್ಕಮಾನದಂಡ 38ರಲ್ಲೂ ಆಸ್ಟ್ರೇಲಿಯಾದ 138ರಲ್ಲೂ ಇದೇ ಮಾತಿದೆ. ಐವತ್ತು ವರ್ಷ ಜನರ ಬಾಯಲ್ಲಿದ್ದ ಹಾಡಾದರೂ ಬೆಳೆಸಿದವರ ಪುಸ್ತಕದಲ್ಲಿ ಸೊನ್ನೆ. ಅದನ್ನೇ ಬೇರೆಯವರು ದುಡ್ಡು ಕೊಟ್ಟು ಕೊಂಡರೆ ಕೊಂಡವರ ಪುಸ್ತಕದಲ್ಲಿ ಅದು ಆಸ್ತಿ. 2017ರಲ್ಲಿ ಬೇಗಾ ಕಂಪನಿ ವೆಜಿಮೈಟ್ ಮತ್ತಿತರ ಸರಕುಗಳ ವ್ಯಾಪಾರವನ್ನು ಸುಮಾರು 46 ಕೋಟಿ ಡಾಲರಿಗೆ ಕೊಂಡಾಗ ಆ ಹೆಸರಿಗೆ, ಆ ನೆನಪಿಗೆ ಎಷ್ಟು ಬೆಲೆ ಎಂದು ಲೋಕಕ್ಕೆ ತಿಳಿಯಿತು.

ಮನೆಯಲ್ಲಿ ಬೆಳೆದದ್ದಕ್ಕೆ ಪುಸ್ತಕದಲ್ಲಿ ಬೆಲೆಯಿಲ್ಲ, ಹೊರಗಿನಿಂದ ಕೊಂಡದ್ದಕ್ಕೆ ಇದೆ. ಕಂಪನಿಗೆ ಈ ನಿಯಮ ಸರಿ. ಮನೆಗೂ ಇದೇ ನಿಯಮ ಹಚ್ಚಿಬಿಟ್ಟಿದ್ದೇವೆ ಎಂಬುದು ನನ್ನ ಸಂಕಟ. ಈಜಿನ ತರಗತಿಗೆ ದುಡ್ಡು ಕೊಡುತ್ತೇವೆ, ಆದ್ದರಿಂದ ಅದನ್ನು ತಪ್ಪಿಸುವುದಿಲ್ಲ. ಪಿಯಾನೋ ತರಗತಿಗೂ ಹಾಗೇ. ಅಡುಗೆಮನೆಯಲ್ಲಿ ನಿಂತು ಮಗುವಿನ ಜೊತೆ ಕನ್ನಡದಲ್ಲಿ ಹರಟುವ ಹತ್ತು ನಿಮಿಷಕ್ಕೆ ರಸೀತಿಯಿಲ್ಲ, ಆದ್ದರಿಂದ ಮೊದಲು ಕೈಬಿಡುವುದು ಅದನ್ನೇ. ಘಲ್ ಘಲ್, ಗುಳುಗುಳು, ಬದಬದ ಇವೆಲ್ಲ ಬರುವುದು ಆ ಹತ್ತು ನಿಮಿಷದಲ್ಲಿ ಮಾತ್ರ. ಮರ, ಮನೆ, ಅಜ್ಜಿ ಎಂಬ ಪದಗಳನ್ನು ಆ್ಯಪ್ ಕಲಿಸೀತು. ಮಡಕೆ ಬಡಿದು ಬದಬದ ಎನ್ನುವುದನ್ನು ಕಲಿಸಲು ಮಡಕೆ ಬೇಕು, ಬಡಿಯುವ ಕೈ ಬೇಕು, ಪಕ್ಕದಲ್ಲಿ ಕನ್ನಡ ಮಾತಾಡುವ ಒಬ್ಬರು ಬೇಕು.

ನಮ್ಮ ಟಾರ್ನೀಟ್ ಎಂಬ ಹೆಸರು ಈ ನೆಲದ ಮೂಲನಿವಾಸಿಗಳ ಮಾತಿನಲ್ಲಿ ಬಿಳಿ ಬಣ್ಣ ಎಂಬರ್ಥದ್ದು ಎನ್ನುತ್ತಾರೆ. ರೈಲಿನಲ್ಲಿ, ರಸ್ತೆ ಫಲಕದಲ್ಲಿ, ನನ್ನ ಲೆಟರ್‌ಹೆಡ್ಡಿನಲ್ಲಿ ಆ ಪದವಿದೆ. ಅದನ್ನು ದಿನಾ ಬರೆಯುವ ನಮ್ಮಲ್ಲಿ ಬಿಳಿ ಎಂಬರ್ಥದಲ್ಲಿ ಅದನ್ನು ಆಡುವವರು ಯಾರೂ ಇಲ್ಲ. ಪದ ಫಲಕದ ಮೇಲೆ ಉಳಿಯುವುದು ಬೇರೆ, ಬಾಯಲ್ಲಿ ಉಳಿಯುವುದು ಬೇರೆ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ನಿಮಗೆಲ್ಲ ಗೊತ್ತು. ಬ್ರೌನಿಂಗ್‌ನ ಇಂಗ್ಲಿಷ್ ಕವಿತೆಯನ್ನು ಅವರು ಕನ್ನಡದ ಹಳ್ಳಿಗೆ ತಂದರು, ಕೊಳಲಿನ ಜಾಗದಲ್ಲಿ ಕಿಂದರಿ ಇಟ್ಟರು. ಜೋಗಿ ಬಾರಿಸಿದ, ಇಲಿಗಳು ಹೋದವು. ಮತ್ತೆ ಬಾರಿಸಿದ, ಮಕ್ಕಳು ಹೋದರು. ಕಥೆ ಹೇಳುವಾಗ ಜೋಗಿಯ ಮಾಯೆಯನ್ನೇ ದೊಡ್ಡದು ಮಾಡುತ್ತೇವೆ. ಲೆಕ್ಕದವನ ಕಣ್ಣಿಗೆ ಬೀಳುವುದು ಬೇರೆ: ಊರಿನವರು ಒಪ್ಪಿದ ಹಣ ಕೊಡಲಿಲ್ಲ. ಮಕ್ಕಳು ಹೋದದ್ದು ರಾಗ ಇಂಪಾಗಿತ್ತು ಎಂಬುದೊಂದೇ ಕಾರಣಕ್ಕಲ್ಲ, ದೊಡ್ಡವರ ಬಾಕಿ ಉಳಿದಿತ್ತು.

ನಮ್ಮ ಮಕ್ಕಳು ಇಲ್ಲಿನ ರಾಗಗಳನ್ನು ಹಾಡಲಿ. ಬೇಸಿಗೆಯಲ್ಲಿ ಐಸ್‌ಕ್ರೀಮ್ ವ್ಯಾನು 16ನೇ ಶತಮಾನದ 'ಗ್ರೀನ್‌ಸ್ಲೀವ್ಸ್' ನುಡಿಸುತ್ತಾ ಬೀದಿಗೆ ಬಂದರೆ ಓಡಲಿ, ನಾವೂ ಓಡೋಣ. ಯಾವ ರಾಗದ ಮೇಲೂ ನನಗೆ ದೂರಿಲ್ಲ. ನಮ್ಮ ಕಡೆಯ ಬಾಕಿ ಮಾತ್ರ ನಾವು ತೀರಿಸಬೇಕು. ಅದು ಡಾಲರಿನಲ್ಲಿ ತೀರುವುದಿಲ್ಲ, ನಿಮಿಷಗಳಲ್ಲಿ ತೀರುತ್ತದೆ.

ದುಡಿದು ಸುಸ್ತಾಗಿ ಬರುವವರಿಗೆ ಹೊಸ ಹೊರೆ ಹೊರಿಸಲು ನಾನು ಬಂದಿಲ್ಲ. ಇರುವ ಕೆಲಸದಲ್ಲೇ ಆಗುತ್ತದೆ. ಒಗ್ಗರಣೆ ಹಾಕುವಾಗ ಸಾಸಿವೆ ಚಟಪಟ ಅಂತು ಎಂದು ಬಾಯಿಬಿಟ್ಟು ಹೇಳಿ. ಹಬ್ಬಕ್ಕೆ ಮಗಳಿಗೆ ಗೆಜ್ಜೆ ಹಾಕಿದಾಗ ಘಲ್ ಅಂತು ಎನ್ನಿ. ತೆಂಗಿನಕಾಯಿ ಕೊಳ್ಳುವಾಗ ಮಗನ ಕಿವಿ ಹತ್ತಿರ ಅಲ್ಲಾಡಿಸಿ, "ಏನಂತು?" ಎಂದು ಕೇಳಿ. ಗುಳುಗುಳು ಅಂದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ. ಇಂಗ್ಲಿಷಿನಲ್ಲಿ ಉತ್ತರ ಬಂದರೂ ಬೈಯಬೇಡಿ, ನಾಳೆ ಮತ್ತೆ ಕೇಳಿ.

ಒಂದು ಸದ್ದಂತೂ ನಮ್ಮೆಲ್ಲರ ಮನೆಯಲ್ಲಿ ಇನ್ನೂ ಸಾಕ್ಷಿ ಹೇಳುತ್ತಿದೆ. ಅದನ್ನು ಯಾರೂ ನೋಂದಾಯಿಸಿಲ್ಲ, ಅದಕ್ಕೆ ರಾಯಧನವಿಲ್ಲ. "ಕುಕ್ಕರ್ ಎಷ್ಟು ಸಲ ಕೂಗ್ತು ನೋಡು, ಮೂರಾದ ಮೇಲೆ ಆರಿಸು" ಎಂದು ಇವತ್ತು ಸಂಜೆ ಮಕ್ಕಳಿಗೆ ಹೇಳಿ. ಕೂಗುವುದು ಕುಕ್ಕರ್, ಎಣಿಸುವುದು ಮಗು, ಎಣಿಕೆ ಕನ್ನಡದಲ್ಲಿ.